ಮಾರ್ಕೋಸ್‌ನ ಸೈನ್ಯ ಯಾಕೆ ಗುಂಡು ಹಾರಿಸಲಿಲ್ಲ?

ನೀವು ಕೇಳಿದ್ದು ಇಷ್ಟು: ಫಿಲಿಪ್ಪೀನ್ಸ್‌ನಲ್ಲಿ ಮಾರ್ಕೋಸ್ 20 ವರ್ಷ ಆಳಿದ. 1986ರಲ್ಲಿ ಜನ ರಸ್ತೆಗಿಳಿದ ನಾಲ್ಕೇ ದಿನಕ್ಕೆ ದೇಶ ಬಿಟ್ಟು ಹೋದ. ಸೈನ್ಯ ಅವನ ಕೈಯಲ್ಲೇ ಇತ್ತಲ್ಲ, ಯಾಕೆ ಗುಂಡು ಹಾರಲಿಲ್ಲ?

ಕೆಲಸದ ಮೇಲೆ ನಾನು ಕೆಲವು ವರ್ಷ ಮನಿಲಾದಲ್ಲಿದ್ದೆ. ಆಫೀಸು ಒರ್ಟಿಗಾಸ್‌ನಲ್ಲಿ. ಅದರ ಪಕ್ಕದಲ್ಲೇ ಎಡ್ಸಾ ಅನ್ನುವ ದೊಡ್ಡ ರಸ್ತೆ. ಟ್ಯಾಂಕುಗಳನ್ನು ಜನ ತಡೆದು ನಿಲ್ಲಿಸಿದ್ದು ಅಲ್ಲೇ. ಹಾಗಾಗಿ ಇದರ ಬಗ್ಗೆ ಕೇಳಿದ್ದು, ಓದಿದ್ದು ಸ್ವಲ್ಪ ಜಾಸ್ತಿ.

ಮೊದಲು ಆ ನಾಲ್ಕು ದಿನದ ಲೆಕ್ಕ ಬಿಡಿ. ಅದು ಕೊನೆಯ ಅಂಕ ಅಷ್ಟೇ. ಮಾರ್ಕೋಸ್ 1965ರಲ್ಲಿ ಚುನಾವಣೆ ಗೆದ್ದೇ ಬಂದವನು. ಮೂರನೇ ಅವಧಿಗೆ ಸಂವಿಧಾನ ಬಿಡುತ್ತಿರಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ಮಾರ್ಷಲ್ ಲಾ, ಅಂದರೆ ಸೈನ್ಯದ ಬಲದ ಆಡಳಿತ ಹೇರಿದ. ಸಂಸತ್ತಿಗೆ, ಪತ್ರಿಕೆಗಳಿಗೆ ಬೀಗ ಬಿತ್ತು. ವಿರೋಧಿಗಳು ಜೈಲಿಗೆ ಹೋದರು. ಅವರಲ್ಲಿ ಮುಖ್ಯರಾದವರು ನಿನಾಯ್ ಅಕಿನೋ. ಏಳು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದು, ಹೃದಯದ ಆಪರೇಷನ್ನಿಗೆ ಅಂತ ಅಮೆರಿಕಕ್ಕೆ ಹೋದರು. 1983ರ ಆಗಸ್ಟ್ 21ಕ್ಕೆ ವಾಪಸ್ ಬಂದರು. ಸೈನಿಕರು ವಿಮಾನದೊಳಗೆ ಬಂದು ಕರೆದುಕೊಂಡು ಹೋದರು. ವಿಮಾನ ನಿಲ್ದಾಣ ದಾಟುವ ಮೊದಲೇ ಗುಂಡೇಟಿಗೆ ಸತ್ತರು.

ಅಲ್ಲಿಯವರೆಗೆ 'ನಮಗ್ಯಾಕೆ' ಅಂತ ಸುಮ್ನಿದ್ದ ಮಧ್ಯಮ ವರ್ಗ ಆ ಶವಯಾತ್ರೆಗೆ ಬಂತು. ಅದೇ ವರ್ಷ ವಿದೇಶಿ ಸಾಲ ತೀರಿಸಲಾಗದೆ ಸರ್ಕಾರ ಕೈಚೆಲ್ಲಿತು. 1984 ಮತ್ತು 1985ರಲ್ಲಿ ಆರ್ಥಿಕತೆ ವರ್ಷಕ್ಕೆ ಸುಮಾರು ಶೇ 7ರಷ್ಟು ಕುಗ್ಗಿತು. ಹೊಟ್ಟೆಗೆ ಬಿದ್ದ ಪೆಟ್ಟೂ ಸೇರಿಕೊಂಡಿತು ಅನ್ನಿ.

ಅಮೆರಿಕದ ಒತ್ತಡ ಬೇರೆ. 1985ರ ನವೆಂಬರಿನಲ್ಲಿ ಮಾರ್ಕೋಸ್ ಅಮೆರಿಕದ ಟಿವಿ ಸಂದರ್ಶನವೊಂದರಲ್ಲಿ, ಅವಧಿಗೆ ಮುಂಚೆಯೇ ಚುನಾವಣೆ ಮಾಡುತ್ತೇನೆ ಅಂದುಬಿಟ್ಟ. ಎದುರಿಗೆ ನಿಂತವರು ನಿನಾಯ್ ಅವರ ಹೆಂಡತಿ ಕೋರಿ ಅಕಿನೋ. 1986ರ ಫೆಬ್ರವರಿ 7ಕ್ಕೆ ಮತದಾನ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಉತ್ತರ ಶುರುವಾಗುವುದು ಸೈನಿಕರಿಂದಲ್ಲ, ಕಂಪ್ಯೂಟರ್ ಆಪರೇಟರುಗಳಿಂದ. ಚುನಾವಣಾ ಆಯೋಗದ ಎಣಿಕೆ ಒಂದು ದೊಡ್ಡ ಸಭಾಂಗಣದಲ್ಲಿ ನಡೀತಿತ್ತು. ತಾವು ಕಂಪ್ಯೂಟರಿಗೆ ಹಾಕಿದ ಅಂಕಿಗೂ ಬೋರ್ಡಿನ ಮೇಲೆ ತೋರಿಸುವ ಅಂಕಿಗೂ ತಾಳೆ ಆಗದ್ದನ್ನು ಅಲ್ಲಿಯವರು ಗಮನಿಸಿದರು. ಫೆಬ್ರವರಿ 9ರ ರಾತ್ರಿ ಸುಮಾರು 35 ಜನ ಎದ್ದು ಹೊರಗೆ ನಡೆದರು. ಬಹಳ ಜನ ಹೆಂಗಸರು. ಘೋಷಣೆ ಇಲ್ಲ, ಕಲ್ಲು ಇಲ್ಲ. ಸೀದಾ ಬಾಕ್ಲಾರಾನ್ ಚರ್ಚಿಗೆ ಹೋಗಿ ಆಶ್ರಯ ಕೇಳಿದರು. ಸಂಬಳ ಕೊಡುವವನ ಸುಳ್ಳಿಗೆ ಇನ್ನು ಕೈ ಹಾಕಲ್ಲ ಅಂತ ಎದ್ದು ಹೋದದ್ದು, ಅದೂ ಜಗತ್ತಿನ ಪತ್ರಕರ್ತರೆಲ್ಲ ನೋಡುತ್ತಿರುವಾಗ!

ಆದರೂ ಮಾರ್ಷಲ್ ಲಾ ಬಂದ ಮೇಲೆ ರಚನೆಯಾಗಿದ್ದ ಹೊಸ ಸಂಸತ್ತು ಮಾರ್ಕೋಸೇ ಗೆದ್ದ ಅಂತ ಘೋಷಿಸಿತು.

ಸೈನ್ಯದೊಳಗೂ ಹೊಗೆಯಾಡುತ್ತಿತ್ತು. ಮುಖ್ಯಸ್ಥ ಫೇಬಿಯನ್ ವೆರ್ ಮಾರ್ಕೋಸ್‌ನ ನೆಚ್ಚಿನ ಬಂಟ. ನಿವೃತ್ತಿ ವಯಸ್ಸು ದಾಟಿದ ಜನರಲ್‌ಗಳನ್ನೇ ಕುರ್ಚಿಯಲ್ಲಿ ಮುಂದುವರಿಸುತ್ತಿದ್ದರು, ಕೆಳಗಿನವರಿಗೆ ಬಡ್ತಿ ಇಲ್ಲ. ಸಿಟ್ಟಿಗೆದ್ದ ಕಿರಿಯ ಅಧಿಕಾರಿಗಳು ರಕ್ಷಣಾ ಮಂತ್ರಿ ಎನ್ರಿಲೆ ಬೆನ್ನಿಗೆ ಸೇರಿ ದಂಗೆಗೆ ಸಂಚು ಮಾಡಿದರು. ಸಂಚು ಬಯಲಾಯಿತು. ಇನ್ನು ಬಂಧನವೇ ಅಂತ ಗೊತ್ತಾದಾಗ ಫೆಬ್ರವರಿ 22ರಂದು ಎನ್ರಿಲೆ ಎಡ್ಸಾ ಪಕ್ಕದ ಸೈನ್ಯದ ಕೇಂದ್ರ ನೆಲೆ ಕ್ಯಾಂಪ್ ಅಗಿನಾಲ್ಡೋ ಸೇರಿಕೊಂಡ, ಉಪಮುಖ್ಯಸ್ಥ ಫಿಡೆಲ್ ರಾಮೋಸ್ ಜೊತೆಯಾದರು. ಮಾರ್ಷಲ್ ಲಾ ನಡೆಸಿದವನೇ ಈ ಎನ್ರಿಲೆ, ನೆನಪಿರಲಿ. ಜೀವ ಉಳಿಸಿಕೊಳ್ಳಲು ಓಡಿದವನನ್ನು ವೀರ ಅನ್ನಲು ನನಗೆ ಮನಸ್ಸು ಬರಲ್ಲ.

ಅವರ ಜೊತೆ ಇದ್ದದ್ದು ಕೆಲವೇ ನೂರು ಸೈನಿಕರು. ಆ ರಾತ್ರಿ ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಚರ್ಚಿನ ಬಾನುಲಿ ಕೇಂದ್ರ ರೇಡಿಯೋ ವೆರಿಟಾಸ್‌ನಲ್ಲಿ ಮಾತಾಡಿ, ಅವರನ್ನು ಕಾಪಾಡಿ ಅಂತ ಜನರನ್ನು ಕರೆದರು. ಜನ ಊಟ ಕಟ್ಟಿಕೊಂಡು, ಮಕ್ಕಳನ್ನು ಎತ್ತಿಕೊಂಡು ಎಡ್ಸಾಗೆ ಬಂದರು. ಮರುದಿನ ಟ್ಯಾಂಕುಗಳು ಬಂದಾಗ ಎದುರಿಗೆ ಜಪಮಾಲೆ ಹಿಡಿದು ಮಂಡಿಯೂರಿದ ಸನ್ಯಾಸಿನಿಯರು, ಸೈನಿಕರಿಗೆ ಸ್ಯಾಂಡ್‌ವಿಚ್ ಕೊಡುವ ಹುಡುಗಿಯರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಆಗ ಕಾಲೇಜು ಹುಡುಗಿ. ಅವರನ್ನು ಕ್ರಾಂತಿಯ ಬಗ್ಗೆ ಕೇಳಿದರೆ ಮೊದಲು ಹೇಳುತ್ತಿದ್ದದ್ದು ಟಾಯ್ಲೆಟ್ಟಿಗೆ ಪರದಾಡಿದ ಕಥೆ!

ಫೆಬ್ರವರಿ 24ರ ಬೆಳಿಗ್ಗೆಯೇ ನಿಜವಾದ ಪರೀಕ್ಷೆ. ಅಷ್ಟರಲ್ಲಿ ಬಂಡಾಯಗಾರರು ರಸ್ತೆಯ ಆಚೆ ಬದಿಯ ಪೊಲೀಸ್ ಪಡೆಯ ನೆಲೆ ಕ್ಯಾಂಪ್ ಕ್ರಾಮೆಗೆ ದಾಟಿದ್ದರು. ಕರ್ನಲ್ ಬಾಲ್ಬಾಸ್ ಅವರ ಮರೀನ್ ಪಡೆ ಅಗಿನಾಲ್ಡೋ ಒಳಗೆ ಬಂದು ಕ್ರಾಮೆ ಕಡೆಗೆ ಫಿರಂಗಿ ತಿರುಗಿಸಿ ನಿಂತಿತ್ತು. ಹೊಡಿ ಅಂತ ಮೇಲಿನಿಂದ ಆದೇಶ ಬಂತು. ಬಾಲ್ಬಾಸ್ ಆಗಲ್ಲ ಅನ್ನಲಿಲ್ಲ. ಫಿರಂಗಿ ಸರಿಯಾಗಿ ನಿಲ್ಲಿಸುತ್ತಿದ್ದೇವೆ ಅಂದರು. ಮತ್ತೆ ಆದೇಶ ಬಂದಾಗ ನಕ್ಷೆ ಹುಡುಕುತ್ತಿದ್ದೇವೆ ಅಂದರು. ಗುರಿ ಕಣ್ಣೆದುರಿಗೇ ಇದೆ, ನಕ್ಷೆ ಯಾಕೆ ಅಲ್ವಾ? ನಮ್ಮ ಸರ್ಕಾರಿ ಕಚೇರಿಯ 'ಫೈಲ್ ಮೂವ್ ಆಗ್ತಿದೆ ಸಾರ್' ಇದ್ದ ಹಾಗೆ. ಆದೇಶವನ್ನು ಧಿಕ್ಕರಿಸಿದ ಹಾಗೂ ಆಗಲಿಲ್ಲ, ಪಾಲಿಸಿದ ಹಾಗೂ ಆಗಲಿಲ್ಲ. ಆ ಗುಂಡು ಹಾರಲೇ ಇಲ್ಲ.

ಅದೇ ಬೆಳಿಗ್ಗೆ, ದಾಳಿಗೆ ಅಂತ ಕಳಿಸಿದ್ದ ಹೆಲಿಕಾಪ್ಟರುಗಳು ಕ್ರಾಮೆಯಲ್ಲಿ ಇಳಿದವು. ಜನ ಸತ್ತೆವು ಅಂದುಕೊಂಡರು. ನೋಡಿದರೆ ಕರ್ನಲ್ ಸೊಟೇಲೊ ಮತ್ತು ಪೈಲಟ್‌ಗಳು ಪಕ್ಷ ಬದಲಿಸಿ ಬಂದಿದ್ದರು. ಆ ಹೊತ್ತಿಗೆ ಸರ್ಕಾರಿ ಟಿವಿ ವಾಹಿನಿಯಲ್ಲಿ ವೆರ್ ದಾಳಿಗೆ ಅಪ್ಪಣೆ ಕೇಳುತ್ತಿದ್ದ, ಮಾರ್ಕೋಸ್ ಬೇಡ ಅನ್ನುತ್ತಿದ್ದ. ಅದನ್ನು ದಯೆ ಅನ್ನುವವರು ಈಗಲೂ ಇದ್ದಾರೆ. ನನಗೆ ನಂಬಿಕೆ ಇಲ್ಲ. ಫಿರಂಗಿ ಹೊಡೆಯಲು ಆದೇಶ ಹೋದದ್ದು ಅದೇ ಬೆಳಿಗ್ಗೆ. ಮಾತು ಮುಗಿಯುವ ಮೊದಲೇ ಆ ವಾಹಿನಿ ಬಂಡಾಯಗಾರರ ಕೈಸೇರಿ ಪ್ರಸಾರ ನಿಂತುಹೋಯಿತು.

ಅಂದರೆ ಜನ ಸೈನ್ಯವನ್ನು ಸೋಲಿಸಲಿಲ್ಲ. ಗುಂಡು ಹಾರಿಸಿದರೆ ಆಗುವ ಕೊಲೆ ಯಾರ ತಲೆಗೆ ಅನ್ನುವ ಪ್ರಶ್ನೆಯನ್ನು ಪ್ರತಿಯೊಬ್ಬ ಅಧಿಕಾರಿಯ ಮುಂದೆ ಇಟ್ಟರು. ಗೆಲ್ಲುವ ಕಡೆ ಯಾವುದು ಅಂತಲೂ ಆ ಅಧಿಕಾರಿಗಳು ಲೆಕ್ಕ ಹಾಕುತ್ತಿದ್ದರು, ಅದನ್ನೂ ಮುಚ್ಚಿಡಬೇಕಾಗಿಲ್ಲ.

ಫೆಬ್ರವರಿ 25ರ ಬೆಳಿಗ್ಗೆ ಕೋರಿ ಒಂದು ಕ್ಲಬ್ಬಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಮಾರ್ಕೋಸ್ ಅರಮನೆಯಲ್ಲಿ ತಾನೂ ತೆಗೆದುಕೊಂಡ! ರಾತ್ರಿ ಅಮೆರಿಕದ ಹೆಲಿಕಾಪ್ಟರ್ ಅವನ ಕುಟುಂಬವನ್ನು ಕ್ಲಾರ್ಕ್ ವಾಯುನೆಲೆಗೆ ಒಯ್ದಿತು. ಅಲ್ಲಿಂದ ಗುವಾಮ್, ಆಮೇಲೆ ಹವಾಯಿ. 1989ರಲ್ಲಿ ಅಲ್ಲೇ ಸತ್ತ.

ಮುಂದೇನಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎನ್ರಿಲೆಯನ್ನು ಕೋರಿ ಅದೇ ವರ್ಷ ಮಂತ್ರಿಗಿರಿಯಿಂದ ತೆಗೆದರು. ರಾಮೋಸ್ 1992ರಲ್ಲಿ ಅಧ್ಯಕ್ಷರಾದರು. 2022ರಲ್ಲಿ ಮಾರ್ಕೋಸ್‌ನ ಮಗ ಚುನಾವಣೆ ಗೆದ್ದು ಅದೇ ಮಲಕನ್ಯಾಂಗ್ ಅರಮನೆಗೆ ಬಂದ. ಅವನು ತನ್ನ ಮುಖ್ಯ ಕಾನೂನು ಸಲಹೆಗಾರನನ್ನಾಗಿ ಆರಿಸಿಕೊಂಡದ್ದು ಯಾರನ್ನು ಗೊತ್ತಾ? 98 ವರ್ಷದ ಎನ್ರಿಲೆಯನ್ನು.