ಸೂಜಿ-ದಾರ: ಆರು ಮೂಲೆಯ ತುಂಡು, ಮಳೆನಾಡಿನ ಕೌದಿ

ಕಳೆದ ಸಂಚಿಕೆಯಲ್ಲಿ ಆರು ಮೂಲೆಯ ತುಂಡುಗಳಿಂದ ಕೌದಿ ಮಾಡುವ ವಿಧಾನವನ್ನು ಚುಟುಕಾಗಿ ಕೊಟ್ಟಿದ್ದೆವು. ಕಾಗದವನ್ನು ಷಡ್ಭುಜವಾಗಿ ಕತ್ತರಿಸುವುದು, ಅದಕ್ಕಿಂತ ಸುತ್ತ ಕಾಲಿಂಚು ದೊಡ್ಡದಾದ ಬಟ್ಟೆಯನ್ನು ಅದರ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕುವುದು, ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಕೈಯಲ್ಲಿ ಹೊಲಿಯುವುದು, ಆಮೇಲೆ ಕಾಗದ ತೆಗೆಯುವುದು. ಅಷ್ಟೇ ಕೆಲಸ. ಆದರೆ ಬಂದ ಪತ್ರಗಳನ್ನು ನೋಡಿದರೆ ಅಷ್ಟರಲ್ಲೇ ಎಡವಲು ಬೇಕಾದಷ್ಟು ಜಾಗವಿದೆ. ಕೊಡಗಿನ ಪತ್ರಗಳೇ ಹೆಚ್ಚಿದ್ದುದರಿಂದ ಈ ಸಲ ಅವಕ್ಕೇ ಉತ್ತರ.

ಒಬ್ಬರು ಹೊದೆಯುವ ಕೌದಿ, 60 ಇಂಚು ಅಗಲ, 90 ಇಂಚು ಉದ್ದ. ಎಷ್ಟು ತುಂಡು ಬೇಕು? ಬಟ್ಟೆ ಎಷ್ಟು ಮೀಟರ್ ತರಲಿ? (ಗೋಣಿಕೊಪ್ಪ)

ತುಂಡಿನ ಒಂದು ಬದಿ ಎಷ್ಟುದ್ದ ಎಂಬುದರ ಮೇಲೆ ಎಲ್ಲ ನಿಂತಿದೆ. ಬದಿ 1 ಇಂಚಾದರೆ ಸುಮಾರು 2,080 ತುಂಡು. ಒಂದೂವರೆ ಇಂಚಾದರೆ 925. ಎರಡು ಇಂಚಾದರೆ 520. ಮೊದಲ ಕೌದಿಗೆ ಒಂದೂವರೆ ಇಂಚೇ ಸರಿ. ಒಂದು ಇಂಚಿನದು ಕಣ್ಣಿಗೆ ಚೆಂದ, ಆದರೆ ಅರ್ಧಕ್ಕೇ ಪೆಟ್ಟಿಗೆ ಸೇರುವ ಕೌದಿಗಳಲ್ಲಿ ಅದೇ ಜಾಸ್ತಿ.

ಒಂದೂವರೆ ಇಂಚಿನ ತುಂಡಿಗೆ ಬಟ್ಟೆಯನ್ನು 3⅛ ಇಂಚಿಗೆ 3⅝ ಇಂಚಿನ ಆಯತವಾಗಿ ಕತ್ತರಿಸಿಕೊಂಡು, ಆಮೇಲೆ ಮೂಲೆ ಕತ್ತರಿಸಿ. 44 ಇಂಚು ಪನ್ನದ ಬಟ್ಟೆಯಲ್ಲಿ ಎರಡೂ ಕಡೆಯ ಗಟ್ಟಿ ಅಂಚು ತೆಗೆದರೆ ಅಡ್ಡಕ್ಕೆ 13, ಒಂದು ಮೀಟರ್ ಉದ್ದಕ್ಕೆ 10, ಅಂದರೆ ಮೀಟರಿಗೆ 130 ತುಂಡು. ಮೇಲ್ಪದರಕ್ಕೆ ಏಳೂಕಾಲು ಮೀಟರ್ ಸಾಕಾಗುತ್ತದೆ, ನೀವು ಎಂಟು ತನ್ನಿ. ಹಿಂಬದಿಗೆ ಎರಡೂವರೆ ಮೀಟರಿನ ಎರಡು ಪಟ್ಟಿ ಕೂಡಿಸಬೇಕು, ಅದಕ್ಕೆ ಐದು ಮೀಟರ್.

ಇನ್ನೊಂದು ಲೆಕ್ಕ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇವೆ. 925 ತುಂಡಿಗೆ ಹೊಲಿಯಬೇಕಾದ ಬದಿಗಳು ಸುಮಾರು 2,700. ದಿನಕ್ಕೆ ಹತ್ತು ಬದಿ ಹೊಲಿದರೂ ಒಂಬತ್ತು ತಿಂಗಳು. ಹುತ್ತರಿ ಹಬ್ಬಕ್ಕೆ (ನವೆಂಬರ್-ಡಿಸೆಂಬರ್) ಮುಗಿಸಬೇಕೆಂದು ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಶುರು ಮಾಡಬೇಡಿ.

ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು ತುಂಡು ಸೇರಿಸಿ ಹೂವು ಮಾಡಿದೆ. ನಡುಭಾಗ ಬಟ್ಟಲಿನಂತೆ ಉಬ್ಬಿ ನಿಂತಿದೆ. ಇಸ್ತ್ರಿ ಒತ್ತಿದರೂ ಕೂರುವುದಿಲ್ಲ. (ಸೋಮವಾರಪೇಟೆ)

ಇಸ್ತ್ರಿಗೆ ಬಗ್ಗುವ ತಪ್ಪಲ್ಲ ಇದು, ಅಳತೆಯ ತಪ್ಪು. ಹೊರಸುತ್ತಿನ ತುಂಡುಗಳು ಒಳಗಿನವಕ್ಕಿಂತ ಚಿಕ್ಕದಾದರೆ ಹೂವು ಬಟ್ಟಲಾಗುತ್ತದೆ. ದೊಡ್ಡದಾದರೆ ಅಂಚು ಅಲೆಅಲೆಯಾಗುತ್ತದೆ. ಹಾಗಾಗಿ ನಿಮ್ಮ ಹೊರಗಿನ ಹನ್ನೆರಡನ್ನು ಮೊದಲು ಅಳೆಯಿರಿ.

ಅಳೆಯುವುದು ಹೀಗೆ. ಬದಿ ಒಂದೂವರೆ ಇಂಚಿದ್ದರೆ ಎದುರುಬದುರು ಬದಿಗಳ ನಡುವೆ 66 ಮಿಲಿಮೀಟರ್ ಇರಬೇಕು. ಒಂದು ಇಂಚಿದ್ದರೆ 44. ಒಂದು ತುಂಡಿನಲ್ಲಿ ಇಂಥ ಜೋಡಿ ಮೂರಿವೆ, ಮೂರೂ ಒಂದೇ ಬರಬೇಕು. ಎರಡು 66 ಬಂದು ಮೂರನೆಯದು 65 ಬಂದರೆ ಆ ಕಾಗದವನ್ನು ಎಸೆದುಬಿಡಿ. ಅರ್ಧ ಮಿಲಿಮೀಟರ್ ಏನು ಮಹಾ ಅನಿಸಬಹುದು. ಪೆನ್ಸಿಲ್ ಗೆರೆಯ ಹೊರಮೈಗೆ ಕತ್ತರಿ ಹಾಕಿದರೆ ಎರಡೂ ಕಡೆ ಅರ್ಧರ್ಧ ಸೇರಿ ತುಂಡಿಗೆ ಒಂದು ಮಿಲಿಮೀಟರ್ ಹೆಚ್ಚಾಗುತ್ತದೆ. 24 ತುಂಡಿನ ಸಾಲಿನಲ್ಲಿ ಅದೇ ಒಂದು ಇಂಚಿನ ಹತ್ತಿರ.

ಈ ತಪ್ಪು ಹುಟ್ಟುವುದು ಸಾಮಾನ್ಯವಾಗಿ ಒಂದೇ ಕಡೆ: ಕತ್ತರಿಸಿದ ಕಾಗದವನ್ನೇ ಇಟ್ಟು ಮುಂದಿನದನ್ನು ಬರೆಯುವುದು, ಅದನ್ನಿಟ್ಟು ಅದರ ಮುಂದಿನದನ್ನು. ಪ್ರತಿ ಸಲವೂ ಪೆನ್ಸಿಲ್ ಮೊನೆಯಷ್ಟು ಬೆಳೆಯುತ್ತದೆ. ಮೂಲ ಅಚ್ಚು ಒಂದೇ ಇರಲಿ, ಎಲ್ಲವನ್ನೂ ಅದರಿಂದಲೇ ತೆಗೆಯಿರಿ. ಹಳೆಯ ಎಕ್ಸ್‌ರೇ ಫಿಲಂ ಇದಕ್ಕೆ ಹೇಳಿ ಮಾಡಿಸಿದ್ದು, ಅಂಚು ಸವೆಯುವುದಿಲ್ಲ. ಕೈವಾರದ ಕಾಲನ್ನು ಒಂದೂವರೆ ಇಂಚು ಅಗಲಿಸಿ ವೃತ್ತ ಎಳೆಯಿರಿ. ಅಗಲವನ್ನು ಅಲ್ಲಾಡಿಸದೆ ವೃತ್ತದ ಮೇಲೆ ಹೆಜ್ಜೆ ಹಾಕುತ್ತ ಹೋದರೆ ಆರನೆಯ ಹೆಜ್ಜೆ ಹೊರಟ ಗುರುತಿನ ಮೇಲೇ ಬಂದು ಕೂರಬೇಕು. ಕೂರದಿದ್ದರೆ ಕೈವಾರ ಜಾರಿದೆ. ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುವವರು ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಲು ಹೇಳಿ, ಮೊದಲ ಹಾಳೆಯನ್ನು ಅಲ್ಲೇ ಅಳೆದು ನೋಡಿ. ಪುಟಕ್ಕೆ ಹೊಂದುವಂತೆ ಯಂತ್ರವೇ ಕುಗ್ಗಿಸಿಬಿಡುವುದುಂಟು.

ಕಾಗದ ಸರಿಯಿದ್ದೂ ಉಬ್ಬಿದ್ದರೆ ಎರಡು ಕಡೆ ನೋಡಿ. ಮಡಿಕೆ ಕಾಗದದ ಅಂಚಿಗೆ ಬಿಗಿಯಾಗಿ ಕೂತಿದೆಯೇ? ಬೆರಳಲ್ಲಿ ಸವರಿದಾಗ ಅಂಚಿನಾಚೆ ಬಟ್ಟೆ ಟೊಳ್ಳಾಗಿ ಸಿಕ್ಕರೆ ಆ ತುಂಡು ಕಾಗದಕ್ಕಿಂತ ದೊಡ್ಡದಾಗಿದೆ. ಎರಡನೆಯದು ದಾರದ ಬಿಗಿ. ಪ್ರತಿ ಹೊಲಿಗೆಗೂ ದಾರವನ್ನು ಜಗ್ಗಿದರೆ ಬದಿ ನೆರಿಗೆಯಾಗಿ ಗಿಡ್ಡವಾಗುತ್ತದೆ. ದಾರ ಮಲಗಿದರೆ ಸಾಕು, ಬಿಗಿಯುವುದು ಬೇಡ.

ಹೊರಸುತ್ತನ್ನು ಬಿಚ್ಚಿ, ಕಾಗದ ಬದಲಿಸಿ, ಮತ್ತೆ ಹೊಲಿಯಿರಿ. ಬೇರೆ ದಾರಿಯಿಲ್ಲ.

ಹೊಲಿಗೆ ಮುಂಬದಿಗೆ ಕಾಣುತ್ತದೆ. ಮೂರು ತುಂಡು ಸೇರುವ ಕಡೆ ಸಣ್ಣ ತೂತೂ ಇದೆ. (ಸುಂಟಿಕೊಪ್ಪ)

ಎರಡು ತುಂಡಿನ ಮುಂಬದಿ ಮುಖಾಮುಖಿ ಹಿಡಿದು, ಮೂಲೆಗೆ ಮೂಲೆ ಕೂಡಿಸಿ. ಸೂಜಿ ಮಡಿಕೆಯ ತುದಿಯಲ್ಲಿ ಎರಡು-ಮೂರು ಎಳೆಯನ್ನಷ್ಟೇ ಎತ್ತಬೇಕು, ಕಾಗದಕ್ಕೆ ಚುಚ್ಚಬಾರದು. ಕಾಗದಕ್ಕೆ ತಗುಲಿದರೆ ಟಿಕ್ಕೆಂದು ಕೈಗೇ ಗೊತ್ತಾಗುತ್ತದೆ. ಇಂಚಿಗೆ 12ರಿಂದ 14 ಹೊಲಿಗೆ. ಸೂಜಿ 9 ಅಥವಾ 10ನೇ ನಂಬರಿನದು. ನಂಬರು ಏರಿದಷ್ಟೂ ಸೂಜಿ ತೆಳು. ದಾರ ಒಂದು ಮೊಳ ಸಾಕು, ಉದ್ದ ಹೆಚ್ಚಾದರೆ ಉಜ್ಜಿ ಉಜ್ಜಿ ಪಿಸಿಯುತ್ತದೆ. ಬಣ್ಣ ಎರಡು ಬಟ್ಟೆಗಳಲ್ಲಿ ಗಾಢವಾದದ್ದಕ್ಕೆ ಹೊಂದಲಿ.

ತೂತು ಬೀಳುವುದು ಮೂಲೆ ತಲುಪುವ ಮೊದಲೇ ನಿಲ್ಲಿಸಿದ್ದರಿಂದ. ಮೂಲೆಯಿಂದ ಮೂರು ಮಿಲಿಮೀಟರ್ ಒಳಗೆ ಶುರು ಮಾಡಿ, ಮೊದಲು ಮೂಲೆಯ ಕಡೆ ಹೋಗಿ, ತುದಿಯಲ್ಲಿ ಒಂದು ಹೆಚ್ಚಿನ ಹೊಲಿಗೆ ಹಾಕಿ, ಅದೇ ದಾರದ ಮೇಲೆ ಹಿಂದಿರುಗಿ. ಆಗ ಗಂಟೂ ಬೇಡ.

ಜೂನ್ ಬಂತೆಂದರೆ ಕಾಗದ ಮೆತ್ತಗಾಗಿ ಬಾಗುತ್ತದೆ, ಗುಂಡುಸೂಜಿಯಿಂದ ಬಟ್ಟೆಗೆ ತುಕ್ಕಿನ ಕಲೆ. ಗೋಂದು ಹಚ್ಚಿ ಅಂಟಿಸಿದರೆ ಒಣಗುವುದೇ ಇಲ್ಲ. (ಭಾಗಮಂಡಲ)

ಭಾಗಮಂಡಲದ ಮಳೆಗೆ ಸಾಮಾನ್ಯ ಜೆರಾಕ್ಸ್ ಹಾಳೆ ತಡೆಯುವುದಿಲ್ಲ. ಅದು 70-80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ್ದು. ನಿಮಗೆ 120ರಿಂದ 160ರದ್ದು ಬೇಕು. ಮದುವೆ ಕಾರ್ಡು ಪುಕ್ಕಟೆ ಸಿಗುತ್ತದೆಂದು ಬಳಸುವವರಿದ್ದಾರೆ. ದಪ್ಪ ಕಾರ್ಡಾದರೆ ಮೂರನೆಯ ತುಂಡು ಸೇರಿಸುವಾಗ ನಡುವಿನದನ್ನು ಬಗ್ಗಿಸಲಾಗದೆ ಮೂಲೆ ಹರಿಯುತ್ತದೆ. ಹಳೆ ಕ್ಯಾಲೆಂಡರಿನ ಗಟ್ಟಿ ಹಾಳೆ ವಾಸಿ. ಬೇಸಿಗೆಯಲ್ಲೇ ಎಲ್ಲ ಕಾಗದ ಕತ್ತರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ದಿನಕ್ಕೆ ಬೇಕಾದಷ್ಟೇ ಹೊರಗೆ ತೆಗೆಯಿರಿ. ಕಾಗದ ತೇವ ಹೀರಿ ಹಿಗ್ಗುವುದು ಎಲ್ಲ ದಿಕ್ಕಿಗೂ ಒಂದೇ ಸಮವಲ್ಲ, ಹಾಗಾಗಿ ಮಳೆಯಲ್ಲಿ ಅಳೆದು ಕತ್ತರಿಸಿದ್ದನ್ನು ನಂಬಬೇಡಿ.

ಗೋಂದು ಬಿಟ್ಟುಬಿಡಿ. ಮೈದಾ ಅಂಟಂತೂ ಬೂಷ್ಟಿಗೂ ಜಿರಳೆಗೂ ಕರೆದು ಊಟ ಹಾಕಿದಂತೆ. ಬಟ್ಟೆಗೆ ಗಂಜಿ ಹಾಕಿದರೆ ಮಡಿಕೆ ಚೆನ್ನಾಗಿ ನಿಲ್ಲುತ್ತದೆ ನಿಜ, ಆದರೆ ಆ ತುಂಡುಗಳನ್ನು ಮಳೆಗಾಲ ದಾಟಿಸಿ ಇಡಬಾರದು. ಗುಂಡುಸೂಜಿಯ ಬದಲು ಕಚ್ಚಾ ಹೊಲಿಗೆ ಹಾಕಿ: ಸಣ್ಣ ತುಂಡಿಗೆ ಆರು ಮೂಲೆಯ ಮಡಿಕೆಗಳಿಗೆ ಮಾತ್ರ, ಕಾಗದ ಚುಚ್ಚದಂತೆ. ಆ ದಾರ ಕೊನೆಗೂ ಹಿಂಬದಿಯಲ್ಲೇ ಉಳಿಯಬಹುದು. ಎರಡಿಂಚಿನ ತುಂಡಿಗೆ ಕಾಗದ ಸೇರಿಸಿಯೇ ಹಾಕಬೇಕು, ಇಲ್ಲದಿದ್ದರೆ ಜಾರುತ್ತದೆ. ಸೂಜಿಯನ್ನು ರಾತ್ರಿಯಿಡೀ ಬಟ್ಟೆಗೆ ಚುಚ್ಚಿಟ್ಟು ಮಲಗುವ ಅಭ್ಯಾಸವನ್ನೂ ಬಿಡಿ. ತುಕ್ಕಿನ ಕಲೆ ಸೋಪಿಗೆ ಹೋಗುವುದಿಲ್ಲ.

ಅಜ್ಜಿಯ ಹಳೆ ರೇಷ್ಮೆ ಸೀರೆಗಳಿವೆ. ಹತ್ತಿಯ ಜೊತೆ ಸೇರಿಸಬಹುದೇ? (ವಿರಾಜಪೇಟೆ)

ಸೇರಿಸದಿರುವುದೇ ಮೇಲು. ಒಗೆದಾಗ ಹತ್ತಿ ಕುಗ್ಗುವ ರೀತಿ ಬೇರೆ, ರೇಷ್ಮೆಯದು ಬೇರೆ. ರೇಷ್ಮೆಯದ್ದೇ ಪ್ರತ್ಯೇಕವಾಗಿ ಗೋಡೆಗೆ ತೂಗುಹಾಕುವಂಥ ಚಿಕ್ಕದನ್ನು ಮಾಡಿ. ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಕೊಡವ ರೀತಿಯಲ್ಲಿ ಉಟ್ಟ ಸೀರೆಯ ನೆರಿಗೆ ಹಿಂದಕ್ಕಿರುವುದರಿಂದ ಕೂತು ಎದ್ದು ಸವೆದಿರುವ ಜಾಗವೂ ಅಲ್ಲೇ. ಎರಡು ಹೆಬ್ಬೆರಳಲ್ಲಿ ಮೆಲ್ಲಗೆ ಎಳೆದಾಗ ಎಳೆ ಬಿಟ್ಟರೆ ಆ ಭಾಗ ಬೇಡ. ಗಟ್ಟಿಯಿರುವುದಕ್ಕೂ ಹಿಂದೆ ತೆಳು ಮಲ್ ಬಟ್ಟೆ ಕೊಟ್ಟೇ ಮಡಚಿ. ಜರಿಯ ಅಂಚು ಮಡಿಕೆಗೆ ಬರದಂತೆ ಕತ್ತರಿಸಿ, ಜರಿ ದಾರವನ್ನು ಕೊಯ್ಯುತ್ತದೆ.

ಹತ್ತಿಯವರಿಗೂ ಒಂದು ಮಾತು: ಕತ್ತರಿಸುವ ಮೊದಲು ಎಲ್ಲ ಬಟ್ಟೆ ಒಮ್ಮೆ ಒಗೆಯಿರಿ. ಕೆಂಪು, ಕಡುನೀಲಿಯನ್ನು ಬಿಳಿ ಚೂರಿನ ಜೊತೆ ಬಿಸಿನೀರಿನಲ್ಲಿ ನೆನೆಹಾಕಿ. ಬಿಳಿ ಬಣ್ಣ ತಿರುಗಿದರೆ ಮತ್ತೆ ಒಗೆಯಿರಿ.

ಮೆಷಿನ್‌ನಲ್ಲಿ ಆಗುವುದಿಲ್ಲವೇ? (ಕುಶಾಲನಗರ)

ಆಗುತ್ತದೆ. ಪೂರ್ತಿ ಷಡ್ಭುಜವನ್ನು ಹೊಲಿಯಲು ಹೋದರೆ ಪ್ರತಿ ಮೂಲೆಗೆ ಕಾಲಿಂಚು ಮೊದಲೇ ನಿಲ್ಲಿಸಿ ತಿರುಗಿಸಬೇಕು, ತಲೆನೋವು. ಷಡ್ಭುಜವನ್ನು ಮೂಲೆಯಿಂದ ಎದುರು ಮೂಲೆಗೆ ಎರಡಾಗಿ ಸೀಳಿದ ಆಕಾರದಲ್ಲಿ ತುಂಡು ಕತ್ತರಿಸಿ, ಸಾಲಾಗಿ ಹೊಲಿದು, ಸಾಲಿಗೆ ಸಾಲು ಕೂಡಿಸಿ. ಎಲ್ಲವೂ ನೇರ ಹೊಲಿಗೆ. ಒಂದೇ ಷಡ್ಭುಜದ ಎರಡು ಅರ್ಧ ಬೇರೆ ಬೇರೆ ಸಾಲಿಗೆ ಹೋಗುವುದರಿಂದ ಹೊಲಿಯುವ ಮೊದಲು ನೆಲದ ಮೇಲೆ ಪೂರ್ತಿ ಜೋಡಿಸಿಟ್ಟು ನೋಡಲೇಬೇಕು. ಕಾಗದವಿಲ್ಲದ ಕಾರಣ ಎಳೆಯ ಕಡೆಗೂ ಗಮನವಿರಲಿ: ಎರಡು ಬದಿ ನೇರ ಎಳೆಗೆ ಬಂದರೂ ಉಳಿದವು ಓರೆ. ಓರೆ ಬದಿಯನ್ನು ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಕಾಗದ ಯಾವಾಗ ತೆಗೆಯಬೇಕು? ಒಳಗೆ ಏನು ತುಂಬಲಿ? (ನಾಪೋಕ್ಲು)

ಸುತ್ತ ಆರೂ ಬದಿ ಹೊಲಿದಾದ ತುಂಡಿನ ಕಾಗದ ತೆಗೆಯಬಹುದು, ಅದಕ್ಕೂ ಮೊದಲು ಇಸ್ತ್ರಿ ಒತ್ತಿ. ಅಂಚಿನ ಸಾಲಿನ ಕಾಗದ ಮಾತ್ರ ಕೌದಿಯ ಸುತ್ತ ಅಂಚುಪಟ್ಟಿ ಕೊಡುವವರೆಗೂ ಇರಲಿ. ಹಾಳಾಗದೆ ಬಂದ ಕಾಗದ ಮತ್ತೆರಡು ಸಲ ಬಳಸಬಹುದು.

ಒಳಗೆ ಅರಳೆ ತುಂಬಿದರೆ ಬೆಚ್ಚಗಿರುತ್ತದೆ, ಆದರೆ ಒದ್ದೆಯಾದರೆ ನಿಮ್ಮ ಊರಿನಲ್ಲಿ ವಾರವಾದರೂ ಆರುವುದಿಲ್ಲ. ಹೊಲಿಗೆಗಳು ಮೂರ್ನಾಲ್ಕು ಇಂಚಿಗಿಂತ ದೂರವಾದರೆ ಅರಳೆ ಒಂದು ಕಡೆ ಗುಡ್ಡೆಯಾಗುತ್ತದೆ. ನಮ್ಮ ಆಯ್ಕೆ ಹಳೆಯ ಹತ್ತಿ ಸೀರೆಯ ಎರಡು ಪದರ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲಿ ಕಾಗದವೂ ಇಲ್ಲ, ಅಳತೆಯೂ ಇಲ್ಲ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಓಡು ಹೊಲಿಗೆಯೇ ಪದರಗಳನ್ನು ಹಿಡಿಯುತ್ತದೆ. ನಿಮಗೆ ಆ ದಾರಿ ಹೊಂದುವುದಿಲ್ಲ. ಷಡ್ಭುಜದ ಕೌದಿಯಲ್ಲಿ ನಡುವಿನಿಂದ ಹೊರಕ್ಕೆ ಹೊಲಿಯಿರಿ, ಪ್ರತಿ ತುಂಡಿನ ಅಂಚಿಗಿಂತ ಕಾಲಿಂಚು ಒಳಗೆ. ಅಂಚಿಗೇ ಹೋದರೆ ಮಡಿಕೆಗಳ ದಪ್ಪದಲ್ಲಿ ಸೂಜಿ ಸಿಕ್ಕಿಕೊಳ್ಳುತ್ತದೆ.

ಒಗೆಯುವುದು ಜನವರಿಯಿಂದ ಮಾರ್ಚ್ ಒಳಗೆ, ಹಿಂಬದಿ ಮೇಲಾಗಿ ಹರವಿ. ಕಾಫಿ ಹಣ್ಣು ಹರವಿದ ಕಣದಲ್ಲಿ ಮಾತ್ರ ಬೇಡ.