ಹಳೆ ಝೆನ್‌ನ ಮುಂದಿನ ಚಕ್ರ ಹಿಡಿಯುತ್ತಿದೆ, ಕ್ಯಾಲಿಪರ್ ಪೂರ್ತಿ ಬದಲಿಸಲೇಬೇಕಾ?

ಈಗಲೇ ಬದಲಿಸಬೇಡಿ. ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅಮುಕಿ ಬ್ರೇಕ್ ಹಾಕುವ ಭಾಗ. ನಿಮ್ಮ 2004ರ ಮಾರುತಿ ಝೆನ್ ಕಾರು ಮಳೆಗಾಲವಿಡೀ ಉಡುಪಿಯ ಮನೆ ಅಂಗಳದಲ್ಲಿ ನಿಂತಿತ್ತು, ಈಗ ಓಡಿಸಿದರೆ ಎಡಕ್ಕೆ ಎಳೆಯುತ್ತದೆ, ಎಡ ಮುಂದಿನ ಚಕ್ರ ಸುಡುತ್ತದೆ, ಗ್ಯಾರೇಜಿನವರು ಕ್ಯಾಲಿಪರ್ ಹೊಸದೇ ಹಾಕೋಣ ಅಂದರು ಎಂದು ಬರೆದಿದ್ದೀರಿ. ಆದರೆ ಜಾಮ್ ಆಗಿರುವುದು ಯಾವುದು ಅಂತ ಅವರು ಹೇಳಿಲ್ಲ, ಅಲ್ವಾ? ಅದು ಗೊತ್ತಾಗದೆ ದುಡ್ಡು ಬಿಚ್ಚಬೇಡಿ. ಹಿಡಿದುಕೊಳ್ಳುವ ಜಾಗ ಮುಖ್ಯವಾಗಿ ಮೂರು: ಕ್ಯಾಲಿಪರ್ ಅತ್ತಿತ್ತ ಜಾರುವ ಪಿನ್, ಆಯಿಲ್ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಅದರೊಳಗಿನ ಪಿಸ್ಟನ್, ಇಲ್ಲವೇ ಬ್ರೇಕ್ ಆಯಿಲ್ ಬರುವ ರಬ್ಬರ್ ಹೋಸ್. ಹೋಸ್ ಹಾಳಾಗಿದ್ದರೆ ಹೊಸ ಕ್ಯಾಲಿಪರ್ ಹಾಕಿದ ಮೇಲೂ ಚಕ್ರ ಹಿಡಿಯುತ್ತದೆ.

ಅದನ್ನು ಕಂಡುಹಿಡಿಯುವುದು ಕಷ್ಟವಿಲ್ಲ. ಗಟ್ಟಿ, ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಇಡಲೇಬೇಕು, ಇಟ್ಟಿಗೆ ಇಡಬೇಡಿ, ಅದು ಒಡೆದರೆ ಮುಗೀತು. ಗೇರ್ ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಬಿಡಲಿ, ನೀವು ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿಯೇ ಇದ್ದರೆ ಕ್ಯಾಲಿಪರ್ ಹಿಂದಿರುವ, ಏರ್ ತೆಗೆಯುವ ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲ್ ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ತಕ್ಷಣ ಸಲೀಸಾಗಿ ತಿರುಗಿದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಎಂದು ಅರ್ಥ. ಒಂದೇ ಚಕ್ರ ಹೀಗೆ ಮಾಡುತ್ತಿದ್ದರೆ ಮೊದಲ ಅನುಮಾನ ಹೋಸ್ ಮೇಲೆ. ಹಳೆ ಹೋಸ್ ಒಳಗಿಂದ ಊದಿಕೊಂಡು ದಾರಿ ಮುಚ್ಚಿರುತ್ತದೆ, ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ಹೋಗುತ್ತದೆ, ಆದರೆ ತಾನಾಗಿ ವಾಪಸ್ ಬರುವುದಿಲ್ಲ, ಹೊರಗಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಪೆಡಲ್ ಒತ್ತಿದಾಗ ಚಕ್ರಗಳ ಕಡೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೈಕೊಟ್ಟರೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಚಕ್ರ ಹಿಡಿಯುತ್ತದೆ.

ನಿಪ್ಪಲ್ ಸಡಿಲ ಮಾಡಿದರೂ ಚಕ್ರ ಬಿಡಲಿಲ್ಲವೇ? ಹಾಗಾದರೆ ಪಿನ್ ಅಥವಾ ಪಿಸ್ಟನ್. ನಿಪ್ಪಲ್ ಬಿಗಿ ಮಾಡಿ, ಚಕ್ರ ಬಿಚ್ಚಿ, ಕ್ಯಾಲಿಪರ್ ಬೋಲ್ಟ್ ತೆಗೆಯಿರಿ. ಕ್ಯಾಲಿಪರನ್ನು ಹೋಸ್ ಮೇಲೆ ನೇತಾಡಿಸಬೇಡಿ, ತಂತಿಯಲ್ಲಿ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ.

ನಮ್ಮ ಕರಾವಳಿಯ ಕಾರುಗಳಲ್ಲಿ ನಾನು ಜಾಸ್ತಿ ನೋಡಿರುವುದು ಪಿನ್ ಜಾಮ್. ಎರಡೂ ಪಿನ್ ಬೆರಳಲ್ಲಿ ಒತ್ತಿದರೆ ಜಾರಬೇಕು. ಜಾರದಿದ್ದರೆ ತಿರುಗಿಸುತ್ತಾ ಎಳೆಯಿರಿ. ಪಿನ್ ಮುಚ್ಚುವ ರಬ್ಬರ್ ಬೂಟ್ ಎಲ್ಲೋ ಸಣ್ಣಗೆ ಹರಿದಿರುತ್ತದೆ, ಅಲ್ಲಿಂದ ನೀರು ಹೋಗಿ ಹಳೆ ಗ್ರೀಸ್ ಕಂದು ಅಂಟಾಗಿ, ಪಿನ್ನಿನ ಒಂದು ಬದಿಗೆ ತುಕ್ಕು ಕಚ್ಚಿರುತ್ತದೆ. ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿದ್ದರೆ ಒಂದು ಪಿನ್ ಹಿಡಿದಿರುವ ಸಾಧ್ಯತೆ ಜಾಸ್ತಿ. ಪಿನ್ ಮತ್ತು ತೂತು ಎರಡನ್ನೂ ಶುಚಿ ಮಾಡಿ, ಹೊಸ ಬೂಟ್ ಹಾಕಿ, ಸಿಲಿಕಾನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಅದರಿಂದ ರಬ್ಬರ್ ಊದಿ ಮತ್ತೆ ಜಾಮ್ ಆಗುತ್ತದೆ. ಡಬ್ಲ್ಯುಡಿ-40 ಸ್ಪ್ರೇ ಹೊಡೆದರೆ ಸಾಕು ಅನ್ನುವವರ ಮಾತೂ ಕೇಳಬೇಡಿ. ಕೆಲವು ಕ್ಯಾಲಿಪರ್‌ಗಳಲ್ಲಿ ಮೇಲಿನ ಪಿನ್ ಬೇರೆ, ಕೆಳಗಿನದು ಬೇರೆ, ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ.

ಪಿನ್ ಸರಿಯಿದೆ, ಆದರೆ ಪಿಸ್ಟನ್ ಒಳಗೆ ಹೋಗುತ್ತಿಲ್ಲ ಅಂದರೆ ಕೆಲಸ ಸ್ವಲ್ಪ ದೊಡ್ಡದು. ಪಿಸ್ಟನ್ ವಾಪಸ್ ಎಳೆಯಲು ಒಳಗೆ ಸ್ಪ್ರಿಂಗ್ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಚೌಕ ಅಂಚಿನ ಒಂದು ರಬ್ಬರ್ ಸೀಲ್ ಅಷ್ಟೇ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ ಜೊತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಹಿಂದಕ್ಕೆ ಎಳೆಯುತ್ತದೆ. ಸೀಲ್ ಗಟ್ಟಿಯಾದರೆ, ಇಲ್ಲ ಅದರ ಹಿಂದೆ ತುಕ್ಕು ಕಟ್ಟಿ ಅದು ಪಿಸ್ಟನ್ನನ್ನು ಅಮುಕಿದರೆ, ಅಷ್ಟೂ ಹಿಂದೆ ಬರುವುದಿಲ್ಲ.

ಪಿಸ್ಟನ್ ಹೊರತೆಗೆಯಲು ಹೋಸ್ ಬಿಚ್ಚುವ ಮೊದಲು ಬ್ರೇಕ್ ಪೆಡಲನ್ನೇ ಬಳಸಿ. ಎದುರಿಗೆ ಮರದ ತುಂಡು ಇಟ್ಟು, ಕೆಳಗೆ ಟ್ರೇ ಇಟ್ಟು, ಪೆಡಲ್ ನಿಧಾನಕ್ಕೆ ಒತ್ತಿಸಿ, ಅದು ತಾನಾಗಿ ಹೊರಗೆ ಬರುತ್ತದೆ. ಗಾಳಿ ಹೊಡೆದು ತೆಗೆಯುವವರಿದ್ದಾರೆ, ಪಿಸ್ಟನ್ ಗುಂಡಿನ ಹಾಗೆ ಹಾರುತ್ತದೆ, ನಡುವೆ ಬೆರಳಿದ್ದರೆ ಜಜ್ಜಿಹೋಗುತ್ತದೆ. ಇಕ್ಕಳ ಹಾಕಿ ಎಳೆಯುವುದೂ ಬೇಡ, ಗೀರು ಬಿದ್ದರೆ ಸೀಲ್ ಕೂರುವುದಿಲ್ಲ.

ಹೊರಬಂದ ಪಿಸ್ಟನ್ನನ್ನು ಒರೆಸಿ, ಬೆಳಕಿಗೆ ಹಿಡಿದು, ಉಗುರು ಎಳೆದು ನೋಡಿ. ಬರೀ ಕಲೆಯಾದರೆ ಶುಚಿ ಮಾಡಬಹುದು. ಉಗುರಿಗೆ ಗುಳಿ ಸಿಕ್ಕಿದರೆ, ಕ್ರೋಮ್ ಎದ್ದಿದ್ದರೆ, ಪಿಸ್ಟನ್ ಹೊಸದು ಹಾಕಲೇಬೇಕು, ಉಪ್ಪುಕಾಗದ ಉಜ್ಜಿ ಹೊಳಪು ಬರಿಸಿ ಪ್ರಯೋಜನವಿಲ್ಲ, ಸೋರುತ್ತದೆ. ಕ್ಯಾಲಿಪರ್ ಒಳಗೆ ಸೀಲ್ ಕೂರುವ ಕಾಲುವೆಯನ್ನು ಮಾತ್ರ ಅವಸರ ಮಾಡದೆ ಕೆರೆಯಿರಿ. ಬಹಳ ಜನ ಹೊಸ ಸೀಲ್ ಹಾಕಿಯೂ ಫೇಲ್ ಆಗುವುದು ಇಲ್ಲೇ, ಮೂಲೆಯಲ್ಲಿ ಗಟ್ಟಿ ಕಿಟ್ಟ ಉಳಿದಿರುತ್ತದೆ. ಮೊನಚು ಮಾಡಿದ ಬಿದಿರು ಕಡ್ಡಿ ಸಾಕು. ತೊಳೆಯಲು ಬ್ರೇಕ್ ಕ್ಲೀನರ್ ಬಳಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬೇಡ. ಪೂರ್ತಿ ಒಣಗಿದ ಮೇಲೆ ಹೊಸ ಸೀಲಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿ, ಪಿಸ್ಟನ್ ನೇರವಾಗಿ ಕೈಯಲ್ಲೇ ಒತ್ತಿ. ಸುತ್ತಿಗೆ ಬೇಕಾಯಿತು ಅಂದರೆ ಏನೋ ಓರೆಯಾಗಿದೆ.

ಹೋಸ್ ಬಿಚ್ಚಿದ್ದರೆ ತಾಮ್ರದ ವಾಷರ್ ಹೊಸದೇ ಹಾಕಿ. ಆಮೇಲೆ ಏರ್ ತೆಗೆಯುವುದು: ಪೆಡಲ್ ಒತ್ತಿ ಹಿಡಿಯಿರಿ, ನಿಪ್ಪಲ್ ಸಡಿಲ ಮಾಡಿ, ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಿ. ಗುಳ್ಳೆ ನಿಲ್ಲುವ ತನಕ. ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬೇಡಿ, ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದನ್ನೇ (ಅದು ಬ್ರೇಕ್ ಆಯಿಲ್‌ನ ದರ್ಜೆ) ಹಾಕಿ. ಹಳೆ ಕಾರಿನಲ್ಲಿ ಪೆಡಲನ್ನು ತಳದವರೆಗೆ ತುಳಿಯದಿರುವುದು ಒಳ್ಳೆಯದು, ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ಹೋಗದ ಜಾಗದ ತುಕ್ಕಿಗೆ ಉಜ್ಜಿ ಹರಿಯಬಹುದು. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ರಿಪೇರಿ ಆಗುವ ತನಕ ಆಗುಂಬೆ ಘಾಟಿ ಕಡೆ ಹೋಗಲೇಬೇಡಿ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ ಹಳೆಯದಕ್ಕೆ 140 ಡಿಗ್ರಿ ಸಾಕಾಗಬಹುದು. ಹಿಡಿದ ಚಕ್ರದ ಬಿಸಿಗೆ ಅದು ಕುದಿದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ನಿಮಗೆ ಬ್ರೇಕ್ ಕೆಲಸ ಹೊಸದಾಗಿದ್ದರೆ ನಿಪ್ಪಲ್ ಪರೀಕ್ಷೆ, ಪಿನ್ ಕೆಲಸದವರೆಗೆ ನೀವು ಮಾಡಿ, ಪಿಸ್ಟನ್ ಬಿಚ್ಚುವುದನ್ನು ಎದುರಿಗೆ ನಿಂತು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ.

ಪ್ಯಾಡ್ ಹಾಕುವುದಾದರೆ ಎಡ ಬಲ ಎರಡಕ್ಕೂ ಹಾಕಿ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಕೆತ್ತಿರುತ್ತದೆ, ಅದನ್ನೂ ಅಳೆದು ನೋಡಿ. ಮತ್ತೆ, ಸೀಲ್ ಕಿಟ್ ತರಲು ಹೋಗುವಾಗ ಹಳೆ ಸೀಲ್, ಪಿಸ್ಟನ್ ಎರಡನ್ನೂ ಕೈಯಲ್ಲೇ ಹಿಡಿದುಕೊಂಡು ಹೋಗಿ. ಇಷ್ಟು ವರ್ಷದಲ್ಲಿ ಯಾರಾದರೂ ಬೇರೆ ಕಾರಿನ ಕ್ಯಾಲಿಪರ್ ಹಾಕಿರಬಹುದು, ಅಂಗಡಿಯವರು ಮಾಡೆಲ್ ಹೆಸರು ಕೇಳಿ ಕೊಟ್ಟಿದ್ದು ಕೂರದೇ ಹೋಗಬಹುದು.