ಫ್ರಾನ್ಸಿನಲ್ಲಿ ಹುಟ್ಟುವ ಮಗಳಿಗೆ ಅಜ್ಜಿಯ ಹೆಸರು

ಲಿಯೋನ್‌ಗೆ ಹೊಸದಾಗಿ ಬಂದಿದ್ದೀರಿ, ಹುಟ್ಟುವ ಮಗಳಿಗೆ ಅಜ್ಜಿಯ ‘ಶಾಂತಲಾ’ ಎಂಬ ಹೆಸರಿಟ್ಟರೆ ಇಲ್ಲಿನವರ ಬಾಯಲ್ಲಿ ಕೆಡುತ್ತದೆಯೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಇಡಿ. ಇಂಗ್ಲಿಷರ ಬಾಯಲ್ಲಾದರೆ ‘ಶಾಂಟಲಾ’ ಆದೀತು. ಫ್ರೆಂಚರ ‘ಟಿ’ ಅಕ್ಷರ ಹಲ್ಲಿಗೆ ತಾಗುವ ನಮ್ಮ ‘ತ’ಕಾರವೇ. ‘ಶಾಂ’ ಮೂಗಿನಲ್ಲಿ ಹೊರಟು, ಒತ್ತು ಕೊನೆಯ ‘ಲಾ’ ಮೇಲೆ ಬೀಳುತ್ತದೆ, ಅಷ್ಟೆ. ನಮ್ಮ ರೂಢಿಯಂತೆ ‘ಟಿ’ ಪಕ್ಕ ‘ಎಚ್’ ಸೇರಿಸಬೇಡಿ. ಇಲ್ಲಿ ಅದು ಮೂಕ, ನಾಳೆ ಲಂಡನ್ನಿಗೆ ಹೋದರೆ ಮಗಳು ‘ಶಾಂಥಲಾ’ ಆಗುತ್ತಾಳೆ.

ಇಲ್ಲಿ ‘ಶಾಂತಾಲ್’ ಕೂಡ ಅಜ್ಜಿಯರ ಹೆಸರೇ, 1940–50ರ ದಶಕಗಳದ್ದು. ನಮ್ಮದಕ್ಕೂ ಅದಕ್ಕೂ ನಂಟಿಲ್ಲ. ಅದು ‘ಕಲ್ಲು’ ಎಂಬರ್ಥದ ಊರ ಹೆಸರು. 1610ರಲ್ಲಿ ಆನ್ಸಿಯಲ್ಲಿ ಸನ್ಯಾಸಿನಿಯರ ಸಂಘ ಕಟ್ಟಿದ ಸಂತ ಜಾನ್ ದ ಶಾಂತಾಲ್ ಅವರಿಂದ ಹೆಣ್ಣುಮಕ್ಕಳಿಗೆ ಬಂತು. ಇನ್ನು ಸೂಲಗಿತ್ತಿ ಹೆಸರು ಕೇಳಿದ ಕೂಡಲೇ “ಮಸಾಜ್?” ಎಂದರೆ ಬೆಚ್ಚಬೇಡಿ. ಕಲ್ಕತ್ತೆಯಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಒಬ್ಬ ತಾಯಿಯ ಹೆಸರನ್ನೇ ವೈದ್ಯ ಫ್ರೆಡರಿಕ್ ಲಬ್ವಾಯೆ 1976ರಲ್ಲಿ ತಮ್ಮ ಪುಸ್ತಕಕ್ಕಿಟ್ಟರು. ಆಗಿನಿಂದ ಇಲ್ಲಿ ಕೂಸಿನ ಎಣ್ಣೆನೀವಿಗೆ ‘ಶಾಂತಲಾ’ ಅನ್ನುತ್ತಾರೆ.

ಅರ್ಥ ಕೇಳಿದವರಿಗೆ ‘ಶಾಂತ’ದಿಂದ ಬಂದದ್ದು, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ಹೆಸರು ಎಂದರೆ ಸಾಕು. ಆಕೆ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಹೆಸರು ಶಾಂತವಾದರೂ ಶಾಸನದಲ್ಲಿ ಬಿರುದು ‘ಸವತಿಗಂಧವಾರಣೆ’, ಸವತಿಯರ ಪಾಲಿನ ಮದ್ದಾನೆ!

ಎಡವುವುದು ಕಾಗದಪತ್ರದಲ್ಲಿ. ಹುಟ್ಟಿದ ದಿನ ಬಿಟ್ಟು 5 ದಿನದೊಳಗೆ, ಹೆರಿಗೆಯಾದ ಊರಿನ ‘ಮೇರಿ’ಯಲ್ಲಿ, ಅಂದರೆ ಪುರಸಭೆಯಲ್ಲಿ, ಜನನ ಬರೆಸಬೇಕು. ಕೊನೆಯ ದಿನ ಶನಿವಾರ, ಭಾನುವಾರ ಅಥವಾ ರಜೆಯಾದರೆ ಮುಂದಿನ ಕೆಲಸದ ದಿನ ನಡೆಯುತ್ತದೆ. ತಪ್ಪಿದರೆ ನ್ಯಾಯಾಲಯದ ಆದೇಶವೇ ಬೇಕು. ಹಾಗಾಗಿ ನಾಮಕರಣದ ಶಾಸ್ತ್ರಕ್ಕೆ 11ನೇ ದಿನದವರೆಗೆ ಕಾಯಿರಿ, ಹೆಸರಿಗೆ ಕಾಯಬೇಡಿ. ಆಸ್ಪತ್ರೆಯ ಜನನ ಪತ್ರ, ಇಬ್ಬರ ಪಾಸ್‌ಪೋರ್ಟ್ ಒಯ್ಯಿರಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಹೆರಿಗೆಗೆ ಮುಂಚೆಯೇ ಸರಿಪಡಿಸಿಕೊಳ್ಳಿ. ಇಲ್ಲಿನವರಿಗೆ ಇನಿಷಿಯಲ್ ಅಂದರೆ ಅರ್ಥವಾಗುವುದಿಲ್ಲ. ಸಹಿಗೆ ಮೊದಲು ಕರಡನ್ನು ಅಕ್ಷರ ಅಕ್ಷರವಾಗಿ ಓದಿ.

ಇಬ್ಬರೂ ಭಾರತದಲ್ಲೇ ಹುಟ್ಟಿದ ಭಾರತೀಯರಾದರೆ ಮಗುವಿಗೆ ಹುಟ್ಟಿನಿಂದಲೇ ಫ್ರೆಂಚ್ ಪೌರತ್ವ ಬರುವುದಿಲ್ಲ. 1 ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ. ಮೇರಿಯಲ್ಲಿ ಬರೆಸಿದ ಕಾಗುಣಿತವನ್ನೇ ಅಲ್ಲೂ ಕೊಡಿ.